ಅಲುಗಾಡಿದರೆ ಬೆಳಕು

ನಮ್ಮ ಭಾವ ಸುಳ್ಳು ಹೇಳುವವರಲ್ಲ. ಇಡೀ ಜೀವಮಾನದಲ್ಲಿ ಅವರು ಹೇಳಿದ ಸುಳ್ಳು ಒಂದೇ ಒಂದು. ಅದನ್ನು ಕಚೇರಿಯವರು ಸಿಮೆಂಟು, ಕಬ್ಬಿಣ, ಗಾಜು ಹಾಕಿ ಕಟ್ಟಿಸಿಬಿಟ್ಟರು. ಈಗಲೂ ಅದು ನಮ್ಮ ಬೀದಿಯ ತಿರುವಿನಲ್ಲಿ ನಿಂತಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ತೆರೆದಿರುತ್ತದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಭಾವ ಎಂದರೆ ನನ್ನ ಅಕ್ಕನ ಗಂಡ, ನಮ್ಮ ಬಡಾವಣೆಯ ವಾಚನಾಲಯದ ಗ್ರಂಥಪಾಲಕರು. ಪುಸ್ತಕಗಳನ್ನು ಅವರು ಧೂಳಿನಿಂದ, ಇಲಿಯಿಂದ, ಬಿಸಿಲಿನಿಂದ ಕಾಪಾಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಓದುಗರಿಂದ ಕಾಪಾಡುತ್ತಿದ್ದರು. ಯಾರಾದರೂ ಬಂದು ಒಂದು ಪುಸ್ತಕ ಮನೆಗೆ ಒಯ್ಯುತ್ತೇನೆ ಎಂದರೆ ಭಾವನ ಮುಖ ಬಾಡಿಹೋಗುತ್ತಿತ್ತು.

"ಮನೇಲಿ ಮಕ್ಕಳಿದ್ದಾರಾ?" ಎಂದು ಕೇಳುವರು.

ಇದ್ದಾರೆ ಎಂದರೆ, "ಹರಿದುಹಾಕ್ತಾರೆ" ಎನ್ನುವರು. ಇಲ್ಲ ಎಂದರೆ, "ಮತ್ತೆ ಇಷ್ಟು ದೊಡ್ಡ ಪುಸ್ತಕ ಇಟ್ಕೊಂಡು ಒಬ್ಬರೇ ಏನ್ಮಾಡ್ತೀರಿ?" ಎನ್ನುವರು. ಎರಡೂ ಕಡೆಯಿಂದ ದಾರಿ ಬಂದ್. ಕ್ರಮೇಣ ಕೇಳುವವರೇ ಇಲ್ಲವಾದರು.

ಆಗ ವಾಚನಾಲಯ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಓದುಗರು ಮೂವರು. ಮೊದಲನೆಯವರು ಪೇಪರ್ ತಾತ. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಒಳಗೆ ಬಂದು ಪೇಪರನ್ನು ಮೇಜಿನ ಉದ್ದಗಲಕ್ಕೂ ಹಾಸಿ, ಮಾರಾಟಕ್ಕಿರುವ ಸಾಮಾನುಗಳ ಜಾಹೀರಾತಿನಿಂದ ಶುರು ಮಾಡಿ, ಒಂದು ಹಳೆಯ ಫ್ರಿಜ್ಜು ದಾಟುವಷ್ಟರಲ್ಲಿ ನಿದ್ದೆಹೋಗುತ್ತಿದ್ದರು. ಎರಡನೆಯವರು ಡ್ರಿಲ್ ಮೇಷ್ಟ್ರು. ನಿವೃತ್ತರಾದ ಮೇಲೆ ಮನೆಯಲ್ಲಿ ಸೊಸೆಗೂ ಮೊಮ್ಮಕ್ಕಳಿಗೂ ನೆಟ್ಟಗೆ ನಿಲ್ಲುವುದನ್ನು ಕಲಿಸಲು ಹೋಗಿ, ಹಗಲು ಹೊತ್ತು ಮನೆಯ ಹೊರಗಿರಬೇಕೆಂಬ ಒಪ್ಪಂದಕ್ಕೆ ಬಂದವರು. ಮೂರನೆಯವನು ನಾನು. ನಾನು ಹೋಗುತ್ತಿದ್ದದ್ದು ಭಾವನಿಗೆ ಬೇಜಾರಾಗದಿರಲಿ ಎಂದು.

ಹೀಗಿರುವಾಗ ಮೇಲಿನ ಕಚೇರಿಯಿಂದ ಸುದ್ದಿ ಬಂತು. ಓದುಗರಿಲ್ಲದ ಸಣ್ಣ ವಾಚನಾಲಯಗಳನ್ನೆಲ್ಲ ಮುಚ್ಚಿ, ಊರಿನ ಆ ತುದಿಯ ದೊಡ್ಡ ಗ್ರಂಥಾಲಯಕ್ಕೆ ಸೇರಿಸುತ್ತಾರಂತೆ. ಗ್ರಂಥಪಾಲಕರಿಗೂ ಅಲ್ಲಿಗೇ ವರ್ಗ. ಎರಡು ಬಸ್ಸು ಬದಲಿಸಬೇಕು.

ಅಕ್ಕ ಇದನ್ನು ಕೇಳಿ ಕೈಲಿದ್ದ ಸೌಟನ್ನು ಕೆಳಗಿಟ್ಟಳು. "ಇವರು ಮೂಲೆ ಅಂಗಡೀಲಿ ಸೋಪು ತರೋಕೆ ಹೋದ್ರೆ ಬೇರೆಯವರ ಮನೆ ಗೇಟು ತೆಗೀತಾರೆ. ಎರಡು ಬಸ್ಸು ಅಂದ್ರೆ ದಿನಾ ಸಂಜೆ ಪೊಲೀಸ್ ಸ್ಟೇಷನ್ನಿಂದ ಕರ್ಕೊಂಡು ಬರ್ಬೇಕಾಗುತ್ತೆ."

ಅಂದು ಊಟದಲ್ಲಿ ಉಪ್ಪು ಹೆಚ್ಚಾಗಿದ್ದೂ ಭಾವನಿಗೆ ತಿಳಿಯಲಿಲ್ಲ. ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಪ್ರಪಂಚವಿರಲಿಲ್ಲ.

ಆದರೆ ಒಂದು ಸಣ್ಣ ಆಸೆಗೆ ಎಡೆಯಿತ್ತು. ಕರೆಂಟು ಉಳಿಸುವ ಮಾದರಿ ವಾಚನಾಲಯ ಒಂದನ್ನು ಕಟ್ಟಲು ಕಚೇರಿ ಹೊರಟಿತ್ತು. ಯಾವ ಬಡಾವಣೆಯಲ್ಲಿ ಅದಕ್ಕೆ ಒಳ್ಳೆಯ ಬಳಕೆ ಇದೆಯೋ ಅಲ್ಲಿಗೆ ಕೊಡುತ್ತಾರಂತೆ. ಎಲ್ಲ ಗ್ರಂಥಪಾಲಕರನ್ನೂ ಸಭೆಗೆ ಕರೆದರು. ಭಾವ ದಾರಿ ತಪ್ಪದಿರಲೆಂದು ಅಕ್ಕ ನನ್ನನ್ನು ಜೊತೆಗೆ ಕಳಿಸಿದಳು.

ಸಭೆಯಲ್ಲಿ ಕಟ್ಟಡದ ನಕ್ಷೆ ಹಾಕುವ ಇಂಜಿನಿಯರಮ್ಮ ಕೂತಿದ್ದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಯಾರು ಏನು ಹೇಳಿದರೂ ನಂಬುವ ಮುಖ. ಅವರು ಭಾವನನ್ನು ಕೇಳಿದರು: "ನಿಮ್ಮಲ್ಲಿ ಓದೋರ ಓಡಾಟ ಹೇಗಿದೆ ಸಾರ್? ತುಂಬಾ ಹೊತ್ತು ಅಲುಗಾಡದೇ ಕೂತಿರ್ತಾರಾ?"

ಭಾವನ ಕಣ್ಣ ಮುಂದೆ ಪೇಪರ್ ತಾತ ಬಂದಿರಬೇಕು. ಅವರ ಹಿಂದೆಯೇ ಎರಡು ಬಸ್ಸೂ ಬಂದಿರಬೇಕು. ಗಂಟಲು ಸರಿಮಾಡಿಕೊಂಡರು.

"ಅಲುಗಾಡದೇ ಕೂರೋದಾ? ನಮ್ಮಲ್ಲಿ ಒಂದು ನಿಮಿಷ ಯಾರೂ ಸುಮ್ನೆ ಕೂರಲ್ಲಮ್ಮ. ಕಪಾಟಿಂದ ಮೇಜಿಗೆ, ಮೇಜಿಂದ ಕಪಾಟಿಗೆ, ಓಡಾಟವೋ ಓಡಾಟ. ಕೂತವರೂ ಪುಟ ತಿರುವೋ ರಭಸಕ್ಕೆ ಗಾಳಿ ಬೀಸುತ್ತೆ. ನಮಗೆ ಫ್ಯಾನೇ ಬೇಡ."

ನಾನು ಕೆಳಗೆ ನೋಡಿದೆ. ಇಂಜಿನಿಯರಮ್ಮನ ಕಣ್ಣು ಕನ್ನಡಕದ ಹಿಂದೆ ಅರಳಿತು. "ಒಂದು ನಿಮಿಷ ಕೂಡ ಇಲ್ವಾ?" ಎಂದರು. "ಒಂದು ನಿಮಿಷ ಯಾರೂ ಅಲುಗಾಡಿಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತಲೇ ತಿಳ್ಕೊಳ್ಳಿ" ಎಂದು ಭಾವ ಖಾತ್ರಿ ಕೊಟ್ಟರು. ಆ ಮಾತು ಕೊಟ್ಟು ಮನೆಗೆ ಬಂದವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಹೊಸ ಕಟ್ಟಡ ಎದ್ದಿತು. ಅದರ ಚಂದವನ್ನು ಏನೆಂದು ಹೇಳಲಿ. ಗೋಡೆಗಳು ಎರಡು ಪದರ, ನಡುವೆ ಪೊಳ್ಳು. ಹೊರಗಿನ ಸೆಕೆ ಒಳಗೆ ಬರುವುದಿಲ್ಲ. ಚಾವಣಿಗೆ ಬಿಳಿ ಹಂಚು. ಬಾಗಿಲು ಅಂಗೈ ದಪ್ಪದ ಮರದ್ದು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಲೆ ಬಿಸಿಗಾಳಿ ಹೊರಹೋಗಲು ಚಿಮಣಿಯಂಥ ಎತ್ತರದ ಗೋಪುರ. ನಮ್ಮ ಬೀದಿಯವರು ಅದನ್ನು ತೋರಿಸಿ, ಗಾಳಿಗೋಪುರ ಕಟ್ಟುತ್ತೇನೆ ಎಂದವರನ್ನು ಬೇಕಾದಷ್ಟು ನೋಡಿದ್ದೇವೆ, ನಿಜಕ್ಕೂ ಕಟ್ಟಿಸಿದವರು ನಿಮ್ಮ ಭಾವ ಒಬ್ಬರೇ ಎಂದರು. ಉತ್ತರದ ಗೋಡೆಯಂತೂ ಪೂರ್ತಿ ಕಿಟಕಿಗಳೇ.

ಬೀಗದ ಕೈ ಕೊಡುವ ದಿನ ಇಂಜಿನಿಯರಮ್ಮ ನಮ್ಮನ್ನು ಒಳಗೆಲ್ಲ ಸುತ್ತಿಸಿದರು. ಭಾವ ಗೋಡೆಗಳನ್ನು ಸವರಿ ಸವರಿ ನೋಡಿ, "ಸ್ವಿಚ್ಚು ಎಲ್ಲಿದೆಯಮ್ಮ?" ಎಂದರು.

"ಸ್ವಿಚ್ಚೇ ಇಲ್ಲ ಸಾರ್. ಜನ ಆರಿಸೋದು ಮರೀತಾರೆ." ಅವರು ಚಾವಣಿಯ ನಡುವೆ ಅಂಟಿಸಿದ್ದ ಬಿಳಿ ಗುಂಡಿಯಂಥದ್ದನ್ನು ತೋರಿಸಿದರು. "ಅದೇ ಕಣ್ಣು. ಯಾರಾದ್ರೂ ಅಲುಗಾಡಿದ್ರೆ ದೀಪ ಹತ್ತುತ್ತೆ, ಇಲ್ಲಾಂದ್ರೆ ಆರುತ್ತೆ. ಬೇರೆ ಕಡೆ ಜಾಸ್ತಿ ಹೊತ್ತು ಇಡ್ತೀವಿ. ನಿಮ್ಮದಕ್ಕೆ ಒಂದೇ ನಿಮಿಷ. ನೀವೇ ಹೇಳಿದ್ರಲ್ಲ. ನಿಮ್ಮ ಓಡಾಟ ನೋಡೇ ಮೇಲಿನವರು ಈ ಕಟ್ಟಡ ಮಂಜೂರು ಮಾಡಿದ್ದು. ಆದ್ರೂ ಹಗಲು ಹೊತ್ತು ದೀಪ ಬೇಕಾಗೋದೇ ಇಲ್ಲ ಬಿಡಿ."

ಭಾವ ಗಂಭೀರವಾಗಿ ತಲೆಯಾಡಿಸಿದರು. ಆಕೆ ಹೋದ ಮೇಲೆ ಉತ್ತರದ ಗೋಡೆಯ ಮುಂದೆ ನಿಂತು ನಿಟ್ಟುಸಿರು ಬಿಟ್ಟರು. "ಪಾಪ, ಚಿಕ್ಕ ವಯಸ್ಸು. ಕಪಾಟು ಇಡೋ ಗೋಡೇನೆಲ್ಲ ಕಿಟಕಿಗೆ ದಂಡ ಮಾಡಿದ್ದಾರೆ."

ಹಳೆಯ ವಾಚನಾಲಯದ ಎತ್ತರದ ಕಬ್ಬಿಣದ ಕಪಾಟುಗಳನ್ನು ಹಾಲಿನ ನಡುವೆ ಇಡಬೇಕೆಂಬುದು ನಕ್ಷೆಯಲ್ಲಿತ್ತು. ನಡುವೆ ಇಟ್ಟರೆ ಜನ ಎರಡೂ ಕಡೆಯಿಂದ ಪುಸ್ತಕ ಮುಟ್ಟುತ್ತಾರೆ ಎಂದು ಭಾವ ಅವನ್ನೆಲ್ಲ ಕಿಟಕಿಗಳಿಗೆ ಒರಗಿಸಿ ನಿಲ್ಲಿಸಿದರು. ನಾನೂ ಕೈ ಹಾಕಿದೆ. ಆ ಕಪಾಟುಗಳಿಗೆ ಹಿಂಬದಿ ಇರಲಿಲ್ಲ. ಬಿಸಿಲು ಬಿದ್ದು ಪುಸ್ತಕಗಳ ಬಣ್ಣ ಹೋಗದಿರಲೆಂದು ಭಾವ ಹಿಂದೊಂದು ಮುಂದೊಂದು ಸಾಲು ಮಾಡಿ, ಸೂಜಿ ತೂರುವಷ್ಟೂ ಸಂದು ಬಿಡದೆ ಒತ್ತಿ ಒತ್ತಿ ಜೋಡಿಸಿದರು. ವಾರ ಕಳೆಯುವಷ್ಟರಲ್ಲಿ ಅಲ್ಲಿ ಕಿಟಕಿಗಳಿದ್ದವೆಂಬುದನ್ನು ನಾವೆಲ್ಲ ಮರೆತೇಬಿಟ್ಟೆವು.

ಮೊದಲ ದಿನ ಪೇಪರ್ ತಾತ ಹೊಸ ಕುರ್ಚಿಯಲ್ಲಿ ಕೂತು, ಪೇಪರ್ ಹಾಸಿ, ಕನ್ನಡಕ ಒರೆಸಿ ಹಾಕಿಕೊಂಡು, ಜಾಹೀರಾತಿನ ಮೇಲೆ ಬಾಗಿದರು. ಇಡೀ ಹಾಲು ಕಗ್ಗತ್ತಲಾಯಿತು.

"ನನ್ನ ಕಣ್ಣು ಹೋಯ್ತು" ಎಂದು ತಾತ ಶಾಂತವಾಗಿ ಹೇಳಿದರು. ಆ ವಯಸ್ಸಿನಲ್ಲಿ ಅವರು ಅದಕ್ಕೆ ಸಿದ್ಧರಾಗಿಯೇ ಇದ್ದಂತೆ ಕಂಡಿತು.

ನಾನು ಧಡಕ್ಕನೆ ಎದ್ದೆ. ದೀಪ ಹತ್ತಿತು.

"ಬಂತು" ಎಂದರು ತಾತ. ಮತ್ತೆ ಬಾಗಿದರು. ಮತ್ತೆ ಕತ್ತಲು. "ಹೋಯ್ತು" ಎಂದರು. ಮಧ್ಯಾಹ್ನದವರೆಗೆ ಹೀಗೇ ನಡೆದು ಅವರು ಕಣ್ಣಿನ ಡಾಕ್ಟರ ಬಳಿಗೆ ಹೋದರು. ಮರುದಿನ ಬಂದು, "ಕಣ್ಣು ಗಟ್ಟಿಮುಟ್ಟಾಗಿದೆಯಂತೆ. ಎಲ್ಲಿ ಕೂತು ಓದ್ತೀರಿ ಅಂತ ಕೇಳಿದ್ರು. ಹೇಳಿದೆ. ಅವರಿಗೆ ನಂಬಿಕೆ ಬರ್ಲಿಲ್ಲ" ಎಂದರು.

"ಭಾವ, ಇಂಜಿನಿಯರಮ್ಮನಿಗೆ ಒಂದು ಫೋನ್ ಮಾಡಿ. ಹೊತ್ತು ಜಾಸ್ತಿ ಮಾಡ್ತಾರೆ" ಎಂದೆ ನಾನು.

ಭಾವನ ಮುಖ ಬಿಳುಚಿತು. "ಏನಂತ ಮಾಡ್ಲಪ್ಪ? ಇಲ್ಲಿ ಯಾರೂ ಅಲುಗಾಡಲ್ಲ ಅಂತಲಾ? ಹಾಗಾದ್ರೆ ಅವತ್ತು ಹೇಳಿದ್ಯಾರು ಅಂತ ಕೇಳ್ತಾರೆ. ಕಟ್ಟಡ ವಾಪಸ್ ಕೇಳ್ತಾರೆ. ಎರಡು ಬಸ್ಸು."

ಆದ್ದರಿಂದ ಅಲುಗಾಡುವುದಕ್ಕೆ ಏನಾದರೂ ಏರ್ಪಾಡಾಗಬೇಕಿತ್ತು. ಭಾವ ಮೊದಲು ಮನೆಯ ಟೇಬಲ್ ಫ್ಯಾನು ತಂದು ಅದಕ್ಕೆ ಟವೆಲು ಕಟ್ಟಿದರು. ಆದರೆ ಆ ಕಟ್ಟಡದಲ್ಲಿ ಪ್ಲಗ್ಗಿಗೂ ಕರೆಂಟು ಬರುತ್ತಿದ್ದದ್ದು ಕಣ್ಣು ಅಪ್ಪಣೆ ಕೊಟ್ಟಾಗಲೇ. ದೀಪ ಆರಿದರೆ ಫ್ಯಾನು ನಿಲ್ಲುತ್ತಿತ್ತು. ಫ್ಯಾನು ತಿರುಗದೆ ದೀಪ ಹತ್ತುತ್ತಿರಲಿಲ್ಲ. ಅದೂ ಅಲ್ಲದೆ, ಫ್ಯಾನು ತಿರುಗಿ ಟವೆಲು ಬೀಸುತ್ತಿರುವಾಗಲೂ ಕಣ್ಣು ಅದನ್ನು ಮನುಷ್ಯನೆಂದು ಒಪ್ಪಿಕೊಳ್ಳದೆ ದೀಪ ಆರಿಸುತ್ತಿತ್ತು. ಆಮೇಲೆ ಅಕ್ಕ ಉಲ್ಲನ್ ಉಂಡೆ ಸುತ್ತುತ್ತ ಹಾಲಿನ ನಡುವೆ ಕೂತಳು. ಅವಳ ಕೈ ಬೀಸಿಗೆ ದೀಪ ಉರಿಯಿತು, ನಿಜ. ಆದರೆ ಉಲ್ಲನ್ ಮುಗಿಯಿತು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು. ಮೂರನೇ ದಿನ, "ರೀ, ಮನೇಲಿ ಒಲೆ ಹತ್ತಬೇಕೋ ಇಲ್ಲಿ ದೀಪ ಹತ್ತಬೇಕೋ, ಒಂದು ತೀರ್ಮಾನ ಮಾಡಿ" ಎಂದು ಉಂಡೆಯನ್ನು ಭಾವನ ಮಡಿಲಿಗೆ ಹಾಕಿ ಎದ್ದುಹೋದಳು.

ಆಗ ಡ್ರಿಲ್ ಮೇಷ್ಟ್ರು ಎದ್ದು ನಿಂತರು. ಅವರು ಎದ್ದು ನಿಂತದ್ದರಿಂದ ದೀಪವೂ ಹತ್ತಿತು, ಹಾಗಾಗಿ ಆ ಕ್ಷಣಕ್ಕೆ ಒಂದು ಕಳೆ ಬಂತು.

"ನಿಮಗೆ ಬೇಕಾಗಿರೋದು ಚಲನೆ ತಾನೆ?" ಎಂದರು. "ಇಡೀ ಶಾಲೆಯನ್ನ ಒಂದೇ ಸಲಕ್ಕೆ ಅಲ್ಲಾಡಿಸಿದವನು ನಾನು. ಈ ಮೂರು ಜನ ಯಾವ ಲೆಕ್ಕ?"

ಜೇಬಿನಿಂದ ಸೀಟಿ ತೆಗೆದರು. ಭಾವ ಗೋಡೆಯ ಮೇಲಿದ್ದ 'ಮೌನ' ಎಂಬ ಫಲಕವನ್ನು ತೋರಿಸಿದರು. ಮೇಷ್ಟ್ರು ಸೀಟಿಯನ್ನು ಜೇಬಿಗೆ ಹಾಕಿ ಕರವಸ್ತ್ರ ತೆಗೆದರು. ಕರವಸ್ತ್ರ ಮೇಲೆ ಹೋದರೆ ಎರಡೂ ಕೈ ಮೇಲೆ. ಕೆಳಗೆ ಬಂದರೆ ಪುಟ ತಿರುವು. ಎಡಕ್ಕೆ ಬೀಸಿದರೆ ಕತ್ತು ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ನಡುವೆ ಸಿಕ್ಕಷ್ಟು ಓದಿಕೊಳ್ಳಬೇಕು. ನಾನು ಮನೆಯಿಂದ ತಂದ ಒಂದು ಕಾದಂಬರಿಯ ಅರ್ಧವನ್ನು ಹೀಗೆ ಓದಿದೆ. ಅದರಲ್ಲಿ ಬರುವವರೆಲ್ಲ ಯಾವಾಗಲೂ ಕೈ ಎತ್ತಿಕೊಂಡೇ ಮಾತಾಡುತ್ತಾರೇನೋ ಎಂದು ನನಗೆ ಇಂದಿಗೂ ಅನಿಸುತ್ತದೆ. ತಾತನಿಗಂತೂ ನಿದ್ದೆಯೇ ತಪ್ಪಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಪೇಪರಿನ ಎರಡನೇ ಪುಟ ನೋಡಿದರು. ದೇಶದ ಸ್ಥಿತಿ ಇಷ್ಟು ಕೆಟ್ಟಿದೆಯೆಂದು ತಮಗೆ ಯಾರೂ ಹೇಳಿರಲಿಲ್ಲ ಎಂದು ನೊಂದುಕೊಂಡರು.

ಇದು ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪಕ್ಕದ ಬೀದಿಯ ಮಂಡಿನೋವಿನಮ್ಮ ಒಂದು ದಿನ ಬಾಗಿಲಲ್ಲಿ ಇಣುಕಿ ನೋಡಿದರು. ಅವರಿಗೆ ಮಂಡಿ, ಸೊಂಟ, ಕತ್ತು ಹೀಗೆ ಬಾಗುವ ಕಡೆಯೆಲ್ಲ ನೋವು. ಸುಮ್ಮನೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ನಮ್ಮ ಜೊತೆ ಕೈ ಎತ್ತಿದರು, ಕತ್ತು ತಿರುಗಿಸಿದರು. ವಾರದಲ್ಲಿ ಅವರ ಕತ್ತು ಹಿಂದಿನ ಮನೆಯವರು ಏನು ಮಾಡುತ್ತಿದ್ದಾರೆ ಎಂದು ನೋಡುವಷ್ಟು ಸಲೀಸಾಯಿತು. ಆ ಸುದ್ದಿಗೆ ಬೇರೆ ಪ್ರಚಾರ ಬೇಕಾಗಲಿಲ್ಲ. ಸೊಂಟ ಹಿಡಿದವರು ಬಂದರು, ಭುಜ ಹಿಡಿದವರು ಬಂದರು. ಓದಿದರೆ ಕತ್ತು ನೋವು ಬರುತ್ತದೆಂದು ಕೇಳಿದ್ದೇವೆ, ನಮ್ಮ ವಾಚನಾಲಯದಲ್ಲಿ ಓದಿದರೆ ಹೋಗುತ್ತದೆ ಎಂದು ಎಲ್ಲೆಡೆ ಮಾತಾಯಿತು. ಕುರ್ಚಿ ಸಾಲದೆ ಜನ ನಿಂತು ಪೇಪರ್ ಹಿಡಿದರು. ಪೇಪರ್ ಸಾಲದೆ ಹಾಳೆ ಹಾಳೆ ಹಂಚಿಕೊಂಡರು. ಪುಸ್ತಕಗಳನ್ನು ಮಾತ್ರ ಭಾವ ಯಾರಿಗೂ ಮುಟ್ಟಗೊಡಲಿಲ್ಲ.

"ನೋಡಪ್ಪ," ಎಂದರು ಒಂದು ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, ಹಿಗ್ಗಿನಿಂದ. "ನಾನು ಅವತ್ತು ಹೇಳಿದ್ದು ಸುಳ್ಳಲ್ಲ. ಸ್ವಲ್ಪ ಮುಂಚೆ ಹೇಳಿದ್ದೆ, ಅಷ್ಟೇ."

ಆ ಮಾತು ಮುಗಿಯುವ ಮೊದಲೇ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮಾತಾಡಿದವರು ಮೇಲಧಿಕಾರಿ. ಧ್ವನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು.

"ಏನ್ರೀ ನಡೀತಿದೆ ಅಲ್ಲಿ? ನಿಮ್ಮ ಚಾವಣಿ ಕಣ್ಣು ಪ್ರತಿದಿನ ನಮಗೆ ವರದಿ ಕಳಿಸುತ್ತೆ. ಬೇರೆ ವಾಚನಾಲಯದಲ್ಲಿ ಜನ ಬರ್ತಾರೆ, ಕೂರ್ತಾರೆ, ಹೋಗ್ತಾರೆ. ನಿಮ್ಮಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಕುಣೀತಾರೆ. ಹಾಲನ್ನ ಡ್ಯಾನ್ಸ್ ಕ್ಲಾಸಿಗೆ ಕೊಟ್ಟಿದ್ದೀರಾ?"

"ಇಲ್ಲ ಸಾರ್, ಓದ್ತಾರೆ."

"ಓದೋರು ಯಾಕ್ರೀ ಕುಣೀತಾರೆ? ನಾಳೆ ಬೆಳಗ್ಗೆ ಇಂಜಿನಿಯರಮ್ಮನ್ನ ಕರ್ಕೊಂಡು ಬರ್ತೀನಿ. ಅಲ್ಲಿ ಒಬ್ಬ ಕೈ ಎತ್ತಿದ್ದು ಕಂಡ್ರೂ ಬೀಗ ಹಾಕಿಸ್ತೀನಿ."

ಚಾವಣಿಯ ಕಣ್ಣಿಗೆ ಬಾಯಿಯೂ ಇದೆಯೆಂದು ನಮಗೆ ತಿಳಿದದ್ದು ಆಗಲೇ.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ತುರ್ತು ಸಭೆ ಸೇರಿತು. ಭಾವ, ನಾನು, ಮೇಷ್ಟ್ರು, ತಾತ. ಅಕ್ಕ ಟೀ ಸೋಸುತ್ತಿದ್ದಳು. ಸಂಕಟ ಸರಳವಾಗಿತ್ತು: ಅಲುಗಾಡಿದರೆ ಡ್ಯಾನ್ಸ್ ಕ್ಲಾಸು, ಅಲುಗಾಡದಿದ್ದರೆ ಕತ್ತಲು.

"ಎಲ್ಲರೂ ಅಲುಗಾಡೋದು ಬೇಡ. ಒಬ್ಬರು ಸಾಕು" ಎಂದಳು ಅಕ್ಕ. "ಪೇಪರ್ ಓದೋರು ದೊಡ್ಡದಾಗಿ ಪುಟ ತಿರುವಿದ್ರೆ ಅದನ್ನ ಯಾರೂ ಡ್ಯಾನ್ಸು ಅನ್ನಲ್ಲ."

ನಾವೆಲ್ಲ ತಾತನ ಕಡೆ ತಿರುಗಿದೆವು. ತಾತ ಟೀ ಲೋಟ ಕೆಳಗಿಟ್ಟರು.

"ತಾತ," ಎಂದರು ಭಾವ. "ನಾಳೆ ವಾಚನಾಲಯ ನಿಮ್ಮ ಕೈಲಿದೆ. ಮಿಕ್ಕವರೆಲ್ಲ ಕಲ್ಲಿನ ಹಾಗೆ ಕೂರ್ತಾರೆ. ನೀವೊಬ್ಬರು ಪುಟ ತಿರುವ್ತಾ ಇರಿ."

"ಅದಕ್ಕೇನು," ಎಂದರು ತಾತ ಎದೆಯುಬ್ಬಿಸಿ. "ಇಷ್ಟು ವರ್ಷ ನಾನು ಮಾಡಿದ್ದೇ ಅದು."

ಇಷ್ಟು ವರ್ಷ ಅವರು ನಿಜವಾಗಿ ಏನು ಮಾಡಿದ್ದರೆಂದು ಆ ಸಡಗರದಲ್ಲಿ ಯಾರಿಗೂ ನೆನಪಾಗಲಿಲ್ಲ.

ಬೆಳಗ್ಗೆ ಹಾಲು ತುಂಬಿ ತುಳುಕುತ್ತಿತ್ತು. ಬರಬೇಡಿ ಎಂದು ಹೇಳಿಕಳಿಸಿದ್ದರಿಂದ, ಏನು ನಡೆಯುತ್ತದೆ ನೋಡೋಣವೆಂದು ಎಂದೂ ಬಾರದವರೂ ಬಂದಿದ್ದರು. ಮೇಷ್ಟ್ರು ಎಲ್ಲರನ್ನೂ ಸಾಲಾಗಿ ಕೂರಿಸಿ, "ಉಸಿರಾಡಬಹುದು, ಆದ್ರೆ ಭುಜ ಏರಬಾರದು" ಎಂದು ಅಪ್ಪಣೆ ಕೊಟ್ಟರು. ಮೇಲಧಿಕಾರಿಗಳು ಒಳಗೆ ಬಂದರು. ದಪ್ಪ ಆಳು, ಬೆವರುವ ಹಣೆ, ಯಾರ ಮೇಲೋ ರೇಗಲು ಮನೆಯಿಂದಲೇ ತಯಾರಾಗಿ ಬಂದ ಮುಖ. ಹಿಂದೆ ಇಂಜಿನಿಯರಮ್ಮ, ಕಣ್ಣೆಲ್ಲ ಕಿಕ್ಕಿರಿದ ಜನರ ಮೇಲೆ. ಬಾಗಿಲು ಅವರ ಬೆನ್ನ ಹಿಂದೆ ತಾನಾಗಿ ಮುಚ್ಚಿಕೊಂಡಿತು.

ಹಾಲಿನಲ್ಲಿ ಒಂದು ಸದ್ದಿಲ್ಲ. ಅಷ್ಟೂ ಜನ ಪೇಪರಿನ ಹಾಳೆಗಳ ಮೇಲೆ ಕಣ್ಣು ನೆಟ್ಟು ಕೂತಿದ್ದಾರೆ. ಮಂಡಿನೋವಿನಮ್ಮನ ಮೂಗಿನ ಮೇಲೆ ಒಂದು ನೊಣ ಕೂತಿದೆ. ಆಕೆ ಅದನ್ನೂ ಓಡಿಸಿಲ್ಲ. ಪೇಪರ್ ತಾತ ಪರ್‍ರೆಂದು ಪುಟ ತಿರುವಿದರು.

ಮೇಲಧಿಕಾರಿಗಳ ಮುಖದ ಗಂಟು ಸ್ವಲ್ಪ ಸಡಿಲಾಯಿತು. ಇಂಜಿನಿಯರಮ್ಮ ಎಳೆದುಕೊಟ್ಟ ಕುರ್ಚಿಯಲ್ಲಿ ಅವರು ಕೂತು ಹಣೆ ಒರೆಸಿಕೊಂಡರು. "ನಾನು ಕೇಳಿದ್ದೇ ಬೇರೆ," ಎಂದರು ದನಿ ತಗ್ಗಿಸಿ. "ಇಷ್ಟು ಶಿಸ್ತಿನ ವಾಚನಾಲಯ ನಾನು ಎಲ್ಲೂ ನೋಡಿಲ್ಲ."

ಭಾವ ಕಂಬದಂತೆ ನಿಂತಲ್ಲೇ ಹಿಗ್ಗಿದರು. ಹಾಲು ತಂಪಾಗಿತ್ತು, ಮೌನವಾಗಿತ್ತು. ಎಷ್ಟೋ ವಾರಗಳ ಮೇಲೆ ಪೇಪರ್ ತಾತನ ಕಣ್ಣ ಮುಂದೆ ಯಾರೂ ಕರವಸ್ತ್ರ ಬೀಸುತ್ತಿರಲಿಲ್ಲ. ಅವರ ಗಲ್ಲ ನಿಧಾನವಾಗಿ ಎದೆಯ ಮೇಲೆ ಇಳಿಯಿತು.

ಕತ್ತಲಾಯಿತು.

"ಏನ್ರೀ ಇದು?" ಎಂದರು ಮೇಲಧಿಕಾರಿಗಳು.

ಡ್ರಿಲ್ ಮೇಷ್ಟ್ರ ಮೈಯಲ್ಲಿ ಅಭ್ಯಾಸ ಎಂಬುದೊಂದು ಇತ್ತಲ್ಲ. "ಕೈ ಮೇಲೆ" ಎಂದು ಗುಡುಗಿದರು. ಒಂದು ಹಾಲು ಜನ ಒಟ್ಟಿಗೆ ಕೈ ಎತ್ತಿದರು. ದೀಪ ಹತ್ತಿತು. ಮೇಲಧಿಕಾರಿಗಳು ಎರಡೂ ಕೈ ಮೇಲೆತ್ತಿ ಕೂತಿದ್ದ ಇಡೀ ಬಡಾವಣೆಯನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ಮೇಷ್ಟ್ರ ಗುಡುಗಿಗೆ ಅದೂ ಮೇಲೆ ಹೋಗಿತ್ತು.

"ಕೈ ಇಳಿಸಿ, ಅಲುಗಾಡಬೇಡಿ" ಎಂದು ಭಾವ ಕಿರುಚಿದರು. ಜನ ಒಂದು ನಿಮಿಷ ಕಲ್ಲಾದರು. ಕತ್ತಲಾಯಿತು. "ಕೈ ಮೇಲೆ" ಎಂದರು ಮೇಷ್ಟ್ರು. ಬೆಳಕಾಯಿತು. "ಬೇಡ ಬೇಡ" ಎಂದರು ಭಾವ. ಹೀಗೆ ಅವರಿಬ್ಬರೂ ಸೇರಿ ಹಾಲನ್ನು ಬೆಳಗಿಸಿ ಆರಿಸಿ ಮಾಡುತ್ತಿರಲು, ಚಾವಣಿಯಲ್ಲಿ 'ಟಕ್' ಎಂದಿತು. ಆಮೇಲೆ ಯಾರು ಎಷ್ಟು ಕೈ ಎತ್ತಿದರೂ ದೀಪ ಬರಲಿಲ್ಲ.

"ಇಷ್ಟು ಸಲ ಹತ್ತಿಸಿ ಆರಿಸಿದ್ರೆ ಅದು ತಾನೇ ಬಂದ್ ಆಗಿಬಿಡುತ್ತೆ" ಎಂದು ಕತ್ತಲಲ್ಲಿ ಇಂಜಿನಿಯರಮ್ಮನ ಧ್ವನಿ ಕೇಳಿತು. "ಆದ್ರೆ ಇಷ್ಟು ಹೊತ್ತಲ್ಲಿ ಒಳಗೆ ಕತ್ತಲು ಹೇಗೆ?"

ಅವರ ಪ್ರಶ್ನೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾವ ಮಾತಾಡುತ್ತಿದ್ದರು. ಮುಖ ಕಾಣದಿದ್ದುದರಿಂದ ಅವರಿಗೆ ಧೈರ್ಯ ಬಂದಿತ್ತೋ ಏನೋ.

"ಸಾರ್, ತಪ್ಪು ನಂದೇ. ಸಭೇಲಿ ನಾನು ಸುಳ್ಳು ಹೇಳ್ದೆ. ಆಗ ಇಲ್ಲಿಗೆ ಬರ್ತಿದ್ದಿದ್ದು ಮೂರೇ ಜನ. ಅದ್ರಲ್ಲಿ ಒಬ್ಬರು ನಿದ್ದೆ ಮಾಡೋರು, ಒಬ್ಬರನ್ನ ಮನೆಯವರು ಓಡಿಸಿದ್ರು, ಇನ್ನೊಬ್ಬ ನನ್ನ ಹೆಂಡ್ತಿ ತಮ್ಮ. ಆದ್ರೆ ಸಾರ್, ಆ ಮೂರು ಜನಕ್ಕೆ ಹೋಗೋಕೆ ಬೇರೆ ಜಾಗ ಇರ್ಲಿಲ್ಲ. ನನಗೂ ಇರ್ಲಿಲ್ಲ."

ಅವರು ನನ್ನನ್ನು ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು.

"ಈಗ ಇಷ್ಟು ಜನ ಇದ್ದಾರಲ್ಲ," ಎಂದರು ಮೇಲಧಿಕಾರಿಗಳು. "ಇವರೆಲ್ಲ ಎಷ್ಟು ಪುಸ್ತಕ ಮನೆಗೆ ತಗೊಂಡು ಹೋಗಿದ್ದಾರೆ?"

"ಒಂದೂ ಕೊಟ್ಟಿಲ್ಲ ಸಾರ್. ಹಾಳಾಗುತ್ತೆ."

"ಹಾಗಾದ್ರೆ ಇದು ವಾಚನಾಲಯ ಅಲ್ಲ ಕಣ್ರೀ, ಗೋಡೌನು. ನಾಳೆ ಬೀಗ ಹಾಕಿಸ್ತೀನಿ." ಕುರ್ಚಿ ಸರಿದ ಸದ್ದಾಯಿತು. ಬಾಗಿಲು ಇತ್ತಲಿತ್ತು, ಅವರು ಅತ್ತ ನಡೆದರು. ಧಡ್ ಎಂದು ಯಾವುದಕ್ಕೋ ಡಿಕ್ಕಿ ಹೊಡೆದ ಸದ್ದು, ಅಯ್ಯಪ್ಪ ಎಂಬ ಉದ್ಗಾರ. ಬೀಳದಿರಲೆಂದು ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿದರು. ಸಿಕ್ಕಿದ್ದು ಒಂದು ದಪ್ಪ ಪುಸ್ತಕ. ಅದರ ಬೆನ್ನಿಗಿದ್ದ ಇನ್ನೊಂದೂ ಕಿತ್ತುಕೊಂಡು ಕೆಳಗೆ ಬಿತ್ತು.

ಆ ಸಂದಿನಿಂದ ಬೆಳಕು ನುಗ್ಗಿ ಮೇಲಧಿಕಾರಿಗಳ ಮೂಗಿನ ಮೇಲೆ ಬಿತ್ತು.

"ನನ್ನ ಕಿಟಕಿ" ಎಂದರು ಇಂಜಿನಿಯರಮ್ಮ. ಹೆತ್ತ ಮಗು ಸಂತೆಯಲ್ಲಿ ಕಳೆದು ಸಿಕ್ಕವರ ಧ್ವನಿ ಅದು. "ನನ್ನ ಕಿಟಕಿಗಳಿಗೆ ಏನು ಮಾಡಿಟ್ಟಿದ್ದೀರಿ ಸಾರ್?"

"ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ..."

"ಅದು ಉತ್ತರದ ಗೋಡೆ. ಅಲ್ಲಿ ಬಿಸಿಲು ಬರೋದೇ ಇಲ್ಲ, ಬರೀ ಬೆಳಕು ಬರುತ್ತೆ. ಅದಕ್ಕೇ ಅಲ್ವಾ ನಾನು ಆ ಗೋಡೆ ಪೂರ್ತಿ ಕಿಟಕಿ ಮಾಡಿದ್ದು. ಹಗಲಲ್ಲಿ ಇಲ್ಲಿ ಒಂದು ದೀಪವೂ ಬೇಕಾಗಿರ್ಲಿಲ್ಲ."

ಈ ಗಲಾಟೆಗೆ ಪೇಪರ್ ತಾತ ಎಚ್ಚರಗೊಂಡರು. ತಾವು ಪುಟ ತಿರುವಬೇಕಿತ್ತೆಂಬುದು ನೆನಪಾಗಿ ಅವಸರದಿಂದ ನಾಲ್ಕು ಪುಟ ಒಟ್ಟಿಗೆ ತಿರುವಿದರು. ಏನೂ ಕಾಣಲಿಲ್ಲ. ದೂರದಲ್ಲಿ ಬೆಳಕಿನ ಒಂದು ಪಟ್ಟಿ ಕಂಡಿತು. ಪೇಪರ್ ಎತ್ತಿಕೊಂಡು ಅಲ್ಲಿಗೆ ನಡೆದರು. ಅಲ್ಲಿ ಮೇಲಧಿಕಾರಿಗಳು ನಿಂತಿದ್ದರಿಂದ ಪಕ್ಕದ ಕಪಾಟಿಗೆ ಕೈ ಹಾಕಿ ಎರಡು ಪುಸ್ತಕ ಕಿತ್ತು, ಮಂಡಿನೋವಿನಮ್ಮನ ಕೈಗೆ ಕೊಟ್ಟು, ತಮ್ಮ ಜಾಹೀರಾತನ್ನು ಆ ಬೆಳಕಿಗೆ ಹಿಡಿದರು.

"ಫ್ರಿಜ್ಜು ಇನ್ನೂ ಮಾರಾಟ ಆಗಿಲ್ಲ" ಎಂದು ಹೇಳಿದರು.

ಮಂಡಿನೋವಿನಮ್ಮ ಕೈಗೆ ಬಂದ ಪುಸ್ತಕ ಯಾವುದೆಂದು ನೋಡಲು ಬೆಳಕು ಬೇಕಾಗಿ ಇನ್ನೆರಡನ್ನು ಕಿತ್ತರು. ಆಕೆಯ ಹಿಂದಿ‌ನವರಿಗೆ ಆಕೆ ಅಡ್ಡವಾಗಿದ್ದರಿಂದ ಅವರು ಮುಂದಿನ ಕಪಾಟಿಗೆ ಹೋದರು. ಸೊಂಟ ಹಿಡಿದವರು ಕೆಳಗಿನ ಸಾಲಿಗೆ ಬಾಗಿದರು, ಭುಜ ಹಿಡಿದವರು ಮೇಲಿನ ಸಾಲಿಗೆ ಕೈ ಚಾಚಿದರು. ಮೇಷ್ಟ್ರ ಇಷ್ಟು ದಿನದ ಶ್ರಮ ಅಲ್ಲಿ ಎದ್ದು ಕಾಣುತ್ತಿತ್ತು. ಒಂದೊಂದು ಪುಸ್ತಕ ಹೊರಬಂದಂತೆ ಹಾಲು ಒಂದೊಂದು ತುಂಡು ಬೆಳಗುತ್ತ ಹೋಯಿತು. ಭಾವ ಈ ಕಪಾಟಿನಿಂದ ಆ ಕಪಾಟಿಗೆ ಓಡಿ, "ನಿಧಾನ, ನಿಧಾನ, ಮೂಲೆ ಹಿಡೀಬೇಡಿ" ಎನ್ನುತ್ತಿದ್ದರು, ಅಳುವುದೊಂದು ಬಾಕಿ.

"ಎತ್ಕೊಂಡವರೆಲ್ಲ ಸಾಲಾಗಿ ನಿಲ್ಲಿ," ಎಂದು ಮೇಷ್ಟ್ರು ಆಜ್ಞೆ ಮಾಡಿದರು. "ಎತ್ಕೊಂಡ ಮೇಲೆ ಮನೆಗೆ ತಗೊಂಡು ಹೋಗೋದೇ."

ಸಾಲು ಭಾವನ ಮೇಜಿನಿಂದ ಬಾಗಿಲವರೆಗೆ ಬೆಳೆಯಿತು. ಮೇಲಧಿಕಾರಿಗಳ ಎದುರಲ್ಲಿ ಇಲ್ಲ ಎನ್ನುವುದು ಹೇಗೆ? ಭಾವ ತಾರೀಖಿನ ಮುದ್ರೆ ತೆಗೆದರು. ಮೊದಲು ನಿಂತಿದ್ದವರು ಮಂಡಿನೋವಿನಮ್ಮ.

"ಮನೇಲಿ ಮಕ್ಕಳಿದ್ದಾರಾ?" ಬಾಯಿ ತಪ್ಪಿ ಹಳೆಯ ಪ್ರಶ್ನೆಯೇ ಬಂತು.

"ನಾಲ್ಕು ಮೊಮ್ಮಕ್ಕಳು" ಎಂದರು ಆಕೆ.

ಭಾವ ಎಂಜಲು ನುಂಗಿದರು. "ಒಳ್ಳೇದು. ಓದ್ಲಿ" ಎಂದು ಮುದ್ರೆ ಒತ್ತಿದರು.

ಮೇಲಧಿಕಾರಿಗಳು ಮಾತ್ರ ಡಿಕ್ಕಿ ಹೊಡೆದಲ್ಲೇ ನಿಂತಿದ್ದರು. ಕೈಲಿದ್ದ ದಪ್ಪ ಪುಸ್ತಕ ಜೇನು ಸಾಕುವ ಬಗೆಗಿನದು. ಸುಮ್ಮನೆ ತೆರೆದವರು ಕಿಟಕಿಯ ಬೆಳಕಿನಲ್ಲಿ ಓದುತ್ತ ಓದುತ್ತ ಎಲ್ಲಿದ್ದೇನೆಂಬುದನ್ನೇ ಮರೆತಿದ್ದರು. ಅವರ ಹಣೆಯ ಬೆವರು ಆರಿತ್ತು.

"ನಮ್ಮಪ್ಪ ಸಾಕ್ತಿದ್ರು," ಎಂದರು ಕೊನೆಗೆ, ಯಾರಿಗೆಂದಿಲ್ಲದೆ. "ಹಿತ್ತಿಲಲ್ಲಿ ಪೆಟ್ಟಿಗೆ ಇಟ್ಟಿದ್ರು. ನನಗೆ ಹತ್ರ ಹೋಗೋಕೆ ಬಿಡ್ತಿರ್ಲಿಲ್ಲ." ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಸಾಲಿನ ಕೊನೆಯಲ್ಲಿ ಹೋಗಿ ನಿಂತರು. ತಮ್ಮ ಸರದಿ ಬಂದಾಗ ಮೇಜಿನ ಮೇಲಿಟ್ಟರು.

ಭಾವ ಮುದ್ರೆಯನ್ನು ಗಾಳಿಯಲ್ಲೇ ತಡೆದರು. "ಸಾರ್, ನಾಳೆ ಬೀಗ ಅಂದ್ರಲ್ಲ?"

ಮೇಲಧಿಕಾರಿಗಳು ಪುಸ್ತಕದ ಮೇಲಿನ ಕೈ ತೆಗೆಯಲಿಲ್ಲ. "ಬೀಗ ಹಾಕಿದ್ರೆ ಇದನ್ನ ನಾನು ವಾಪಸ್ ಎಲ್ಲಿ ತಂದು ಕೊಡ್ಲಿ? ಒತ್ರೀ ಸುಮ್ನೆ."

ಕಪಾಟುಗಳನ್ನು ಹಾಲಿನ ನಡುವೆ ಸರಿಸಬೇಕೆಂದು ಇಂಜಿನಿಯರಮ್ಮ ಅಲ್ಲೇ ಹೇಳಿದರು. ಅವು ಕಚೇರಿಯ ಆಸ್ತಿಯಾದ್ದರಿಂದ ಸರಿಸಲು ಮಂಜೂರಾತಿ ಬೇಕೆಂದು ಮೇಲಧಿಕಾರಿಗಳು ಹೇಳಿದರು. ಅದು ಇನ್ನೂ ಬಂದಿಲ್ಲ. ಚಾವಣಿಯ ಕಣ್ಣನ್ನು ಸರಿಮಾಡುವ ಮಂಜೂರಾತಿಯೂ ಬಂದಿಲ್ಲ. ಹಾಗಾಗಿ ಈಗ ನಮ್ಮ ವಾಚನಾಲಯದಲ್ಲಿ ಬೀದಿಗೆ ಹೋದ ಪುಸ್ತಕ ಎಷ್ಟೋ ಅಷ್ಟೇ ಬೆಳಕು. ಕರೆಂಟು ಒಂದು ಚೂರೂ ಖರ್ಚಾಗದ ವಾಚನಾಲಯ ಇದೊಂದೇ ಎಂದು ಕಚೇರಿಯವರು ಬಹಳ ಮೆಚ್ಚಿಕೊಂಡಿದ್ದಾರೆ. ಅಕ್ಕ ಉಲ್ಲನ್ನಿನಿಂದ ಒಂದು ಸ್ವೆಟರನ್ನೇ ಹೆಣೆದು ಮುಗಿಸಿದ್ದಾಳೆ. ಭಾವ ಸಂಜೆ ವಾಚನಾಲಯ ಮುಚ್ಚಿ ಮನೆಗೆ ಬರುವಾಗ ಒಂದೆರಡು ಪುಸ್ತಕಗಳನ್ನು ದಾರಿಯಲ್ಲಿ ಸಿಕ್ಕವರ ಕೈಗೆ ತುರುಕುತ್ತಾರೆ.

ಮೊನ್ನೆ ಮೋಡ ಕವಿದಿತ್ತು. ತಾತ ತಮ್ಮ ಎಂದಿನ ಸಂದಿನ ಮುಂದೆ ಪೇಪರ್ ಹಾಸಿ ಕೂತಿದ್ದರು. ಮಂಡಿನೋವಿನಮ್ಮ ಬಂದು ಎರಡು ದಪ್ಪ ಪುಸ್ತಕಗಳನ್ನು ಮೇಜಿನ ಮೇಲಿಟ್ಟರು.

"ಓದಿ ಆಯ್ತು," ಎಂದರು. "ಒಂದರಲ್ಲಿ ಕೊನೇ ಮೊಮ್ಮಗ ಎರಡು ಪುಟ ಹರಿದಿದ್ದಾನೆ. ಬೈಬೇಡಿ."

ಭಾವ ಪುಸ್ತಕಗಳನ್ನು ನೋಡಿದರು. ಕಪಾಟಿನಲ್ಲಿ ಅವುಗಳ ಖಾಲಿ ಜಾಗವನ್ನು ನೋಡಿದರು. ಅಲ್ಲಿಂದ ಬರುತ್ತಿದ್ದ ಮಸುಕು ಬೆಳಕಿನಲ್ಲಿ ಫ್ರಿಜ್ಜಿನ ಜಾಹೀರಾತು ಹುಡುಕುತ್ತಿದ್ದ ತಾತನನ್ನು ನೋಡಿದರು. ಆಮೇಲೆ ಎರಡನ್ನೂ ಮೆಲ್ಲಗೆ ಆಕೆಯ ಕಡೆಗೇ ತಳ್ಳಿದರು.

"ಇಷ್ಟು ಬೇಗ ಯಾಕ್ ತಂದ್ರಿ ಅಮ್ಮ? ಅದು ತಾತನ ಕಿಟಕಿ. ಮಿಕ್ಕ ಪುಟಾನೂ ಹರೀಲಿ, ಪರವಾಗಿಲ್ಲ. ಮನೇಲೇ ಇಟ್ಕೊಂಡಿರಿ."